ಏಜೆಂಟ್ ನಮ್ಮೂರಿನವನೇ

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಜುಲೈ 30, ಮಾನವ ಕಳ್ಳಸಾಗಣೆ ವಿರೋಧಿ ದಿನ. ಅದಕ್ಕೆಂದು ನಾವು ಪತ್ರಿಕೆಯಲ್ಲಿ ಹಾಕಿದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ಸಾರ ಇಷ್ಟು: 'ಮನುಷ್ಯರನ್ನು ಮಾರುವುದೆಲ್ಲ ಮುಂಬಯಿ, ಕಲ್ಕತ್ತದ ಕಥೆ. ನಮ್ಮಲ್ಲಿ ಎಲ್ಲರಿಗೂ ಓದು ಬರಹ ಇದೆ, ಎಲ್ಲರಿಗೂ ಎಲ್ಲರ ಪರಿಚಯ ಇದೆ. ಜಾಗೃತಿ ಅಂತ ಮೆರವಣಿಗೆ ಮಾಡಿ ಜನರನ್ನು ಸುಮ್ನೆ ಯಾಕೆ ಹೆದರಿಸುತ್ತೀರಿ? ಅದು ಪೊಲೀಸರ ಕೆಲಸ.' ಕೊನೆಗೆ ಬೇರೆ ಶಾಯಿಯಲ್ಲಿ ಎರಡು ಸಾಲು ಸೇರಿಸಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾಷ್ಟ್ರೇ, ಮೆರವಣಿಗೆಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಆಟಿ ಮಳೆಯಲ್ಲಿ ಮಕ್ಕಳ ಕೈಗೆ ಬ್ಯಾನರ್ ಕೊಟ್ಟು, ಫೋಟೊ ತೆಗೆದು ಮುಗಿಸಿದರೆ ಯಾರಿಗೂ ಉಪಕಾರ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ ಪೋಸ್ಟರ್ ನಾನೂ ನೋಡಿದೆ. ಪೂರ್ತಿ ಮಲಯಾಳದಲ್ಲಿದೆ. ಎಣ್ಮಕಜೆ, ಪೈವಳಿಕೆಯಿಂದ ಬರುವ ನಮ್ಮ ಅಜ್ಜಿಯರು ಅದರಲ್ಲಿ ಏನು ಓದಿಯಾರು? ಆ ಪೋಸ್ಟರಿಗೇ ಒರಗಿ ನಿಂತು ಬಸ್ ಕಾಯುತ್ತಾರೆ.

ಆದರೆ 'ಎಲ್ಲರಿಗೂ ಎಲ್ಲರ ಪರಿಚಯ ಇದೆ' ಎಂದಿರಲ್ಲ, ಆ ಮಾತು ನನಗೆ ಚುಚ್ಚಿತು. ಈ ದಂಧೆ ನಡೆಯುವುದೇ ಆ ಪರಿಚಯದ ಬಲದಿಂದ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ಹೆಂಗಸೊಬ್ಬಳಿಗೆ ಗಲ್ಫಿನಲ್ಲಿ ಮನೆಕೆಲಸ ಸಿಕ್ಕಿತು. ವೀಸಾ ಫ್ರೀ, ಟಿಕೆಟ್ ಫ್ರೀ. ಒಂದು ಕಾಗದ ಹಿಡಿದುಕೊಂಡು ಬಂದು, 'ಇದನ್ನೊಮ್ಮೆ ಓದಿ ಹೇಳಿ ಅಣ್ಣಾ' ಅಂದಳು. ಎಡಗಡೆ ಇಂಗ್ಲಿಷ್, ಬಲಗಡೆ ಅರೆಬಿಕ್. ಸಂಬಳ ಬರೆಯುವ ಜಾಗ ಖಾಲಿ ಇತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವತ್ತು ಪುಟ ಕಟ್ಟುವ ಗಡಿಬಿಡಿ.

'ಗೊತ್ತಿದ್ದ ಜನವಾ?' ಎಂದು ಕೇಳಿದೆ.

'ಹೌದು, ನಾದಿನಿಯ ಗಂಡನ ಫ್ರೆಂಡು.'

'ಹಾಗಾದ್ರೆ ತೊಂದರೆ ಇಲ್ಲ, ಹೋಗಿ ಬಾ' ಎಂದುಬಿಟ್ಟೆ.

ಹದಿನಾಲ್ಕು ತಿಂಗಳ ನಂತರ ಬಂದಳು. ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟ್ ಹೋಯಿತು, ಮನೆ ಮುಟ್ಟಿದ ಮೇಲೆ ಫೋನ್ ಹೋಯಿತು. ಒಂದು ಮನೆ ಎಂದು ಹೇಳಿ ಮೂರು ಮನೆಯ ಕೆಲಸ. ಊರಿಗೆ ಹೋಗುತ್ತೇನೆ ಅಂದರೆ, 'ನಿನಗಾಗಿ ಕೊಟ್ಟ ದುಡ್ಡು ವಾಪಸು ಇಟ್ಟು ಹೋಗು' ಅನ್ನುತ್ತಿದ್ದರಂತೆ. ಫ್ರೀ ವೀಸಾದ ಗುಟ್ಟು ಅದು. ಏಜೆಂಟ್ ಇವಳ ಹತ್ತಿರ ಕಾಸು ಕೇಳಲಿಲ್ಲ, ಆ ಮನೆಯವರಿಂದ ಎಣಿಸಿಕೊಂಡಿದ್ದ. ಕೊನೆಗೆ ಯಾರದೋ ಫೋನಿನಿಂದ ನಮ್ಮ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸಿ ಪಾರಾದಳು.

ಊರಲ್ಲಿ ಜನ ಕೇಳಿದ್ದೇನು ಗೊತ್ತಾ? 'ಇಷ್ಟು ಬೇಗ ಬಂದೆಯಾ? ಚಿನ್ನ ಎಷ್ಟು ತಂದೆ?' ಬೆನ್ನ ಹಿಂದೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವಳು ದೂರು ಕೊಡಲಿಲ್ಲ. ಮರುವರ್ಷ ಒಂದು ಮದುವೆ ಊಟದಲ್ಲಿ ಆ ಏಜೆಂಟ್ ನನ್ನೆದುರಿನ ಪಂಕ್ತಿಯಲ್ಲೇ ಕೂತಿದ್ದ. ಹೋಳಿಗೆಗೆ ಇನ್ನೂ ಸ್ವಲ್ಪ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

'ಅವಳೇ ಒಪ್ಪಿ ಹೋದದ್ದಲ್ವಾ?' ಎನ್ನುವವರು ಈಗಲೂ ಇದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮೊದಲು ದಂಡಸಂಹಿತೆಯ 370ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಕೈಕಾಲು ಕಟ್ಟಿ ಎತ್ತಿಕೊಂಡು ಹೋಗಬೇಕೆಂದಿಲ್ಲ. ಶೋಷಣೆಗೆಂದು ಮೋಸದಿಂದಲೋ ಆಮಿಷ ತೋರಿಸಿಯೋ ಜನರನ್ನು ಸೇರಿಸಿದರೂ, ಸಾಗಿಸಿದರೂ, ಇಟ್ಟುಕೊಂಡರೂ ಅಪರಾಧವೇ. ಕಡಿಮೆಯೆಂದರೆ 7 ವರ್ಷ ಜೈಲು. ಹೋದವರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ.

ಪೊಲೀಸರ ಕೆಲಸ ನಿಜ. ಆದರೆ ದೂರು ಕೊಡುವವರ ಬಾಯಿಯನ್ನು ನಾವೇ ಮುಚ್ಚಿಸಿದರೆ ಅವರು ಮಾಡುವುದೇನು?

ನಮ್ಮ ಹೆಂಗಸರ ಕುಟುಂಬಶ್ರೀ ಸ್ವಸಹಾಯ ಕೂಟಗಳಲ್ಲಿ ಸಾಲದ ಕಂತಿನ ಜೊತೆಗೆ ಈ ಮಾತೂ ಬರಬೇಕು. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ಅನುಮತಿ ಬೇಕಾದದ್ದು, ಆಗಿರುತ್ತದೆ. ಅಂಥವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ಅನುಮತಿ ಬೇಕು. 30 ತುಂಬದ ಹೆಂಗಸರಿಗೆ ಮನೆಕೆಲಸಕ್ಕೆ ಆ ಅನುಮತಿ ಸಿಗುವುದಿಲ್ಲ. ಇದನ್ನೆಲ್ಲ ತಪ್ಪಿಸಿಕೊಳ್ಳಲಿಕ್ಕೇ 'ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಸರಿ ಮಾಡಿಸೋಣ' ಅನ್ನುವುದು. ನೋಂದಾಯಿತ ಏಜೆಂಟರ ಹೆಸರು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ರಶೀದಿ ಕೊಡಬೇಕು. ಊರಿನ ಯಾವ ಹುಡುಗನಾದರೂ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ನೋಡಿ ಹೇಳಬಹುದು.

ಇನ್ನು ಆ ಎರಡು ಸಾಲು. ನಿಮ್ಮ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ, ಹೆಸರು ಬಿಟ್ಟು. 'ತಂಗಿಯ ಮೊಮ್ಮಗ ಬ್ಯಾಂಕಾಕಿಗೆ ಕಂಪ್ಯೂಟರ್ ಕೆಲಸಕ್ಕೆ ಹೊರಟಿದ್ದಾನೆ. ತಿಂಗಳಿಗೆ 80,000, ಊಟ ವಸತಿ ಬೇರೆ. ಅಲ್ಲಿನ ಸಂಗತಿ ಗೊತ್ತಿದ್ದರೆ ತಿಳಿಸಿ.'

ಓದಿ ಎದೆ ಧಸಕ್ ಅಂದಿತು. ಅವತ್ತೇ ನಿಮಗೆ ಫೋನ್ ಮಾಡಿದೆ. ಬ್ಯಾಂಕಾಕ್ ಎಂದು ಕರೆದುಕೊಂಡು ಹೋಗಿ, ಗಡಿಯ ಹೊಳೆ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿ ಕಡೆಯ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂಡಿಹಾಕುತ್ತಾರೆ. ಕೆಲಸ ಕಂಪ್ಯೂಟರಿನದ್ದೇ. ಫೋನು, ಚಾಟ್ ಮೂಲಕ ಊರೂರಿನ ಜನರ ದುಡ್ಡು ದೋಚುವುದು. ಒಲ್ಲೆ ಅಂದರೆ ಹೊಡೆತ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಅಲ್ಲಿಂದ ಕರೆತಂದರು. ಹೋದವರಲ್ಲಿ ಕಲಿತ ಹುಡುಗರೇ ಜಾಸ್ತಿ, ಮಾಷ್ಟ್ರೇ. ಓದು ಬರಹ ಕಾಪಾಡಲಿಲ್ಲ.

ಕಂಪೆನಿಯ ಹೆಸರು ಕೇಳಿದೆ, ನಿಮಗೆ ಗೊತ್ತಿರಲಿಲ್ಲ. ವರ್ಕ್ ವೀಸಾ ಉಂಟಾ ಎಂದು ಕೇಳಿದೆ. 'ಟೂರಿಸ್ಟ್ ಆಗಿ ಹೋದರೆ ಸಾಕಂತೆ' ಅಂದಿರಿ. ಹಾಗೆ ಹೋದವರು ಅಲ್ಲಿ ದುಡಿಯುವಂತೆಯೇ ಇಲ್ಲ. ಆಮೇಲೆ ನೀವೇ ಹೇಳಿದಿರಿ: 'ತೊಂದರೆ ಇಲ್ಲ, ಏಜೆಂಟ್ ನಮ್ಮೂರಿನವನೇ.' ನನಗೆ ನನ್ನದೇ ದನಿ ಕೇಳಿದ ಹಾಗಾಯಿತು. ಮೊದಲು ಪಾಸ್‌ಪೋರ್ಟ್ ವಾಪಸು ತನ್ನಿ, ಮಾತು ಆಮೇಲೆ ಎಂದೆ.

ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ನಿಮ್ಮ ಫೋನ್ ಬಂತು. ಪಾಸ್‌ಪೋರ್ಟ್ ತಂದಿದ್ದೀರಿ. ಹುಡುಗ ಮುನಿಸಿಕೊಂಡಿದ್ದಾನೆ, ತಂಗಿ ಮಾತು ಬಿಟ್ಟಿದ್ದಾಳೆ. ಇರಲಿ, ಸರಿಹೋಗುತ್ತದೆ. ಆದರೆ ಏಜೆಂಟ್ ಡ್ರಾಯರ್ ಎಳೆದಾಗ ಒಳಗೆ ಇನ್ನೂ ಐದು ಪಾಸ್‌ಪೋರ್ಟ್ ಇದ್ದವು ಎಂದಿರಿ. ಆ ಐದು ಯಾವ ಮನೆಗಳವು, ಮಾಷ್ಟ್ರೇ?