ತೂಕ ಎರಡು ಪಟ್ಟಾದರೂ ಮೇಲಿನ ಸ ಯಾಕೆ ಬರಲಿಲ್ಲ?

ತೀರ್ಥಹಳ್ಳಿಯಿಂದ ಕೇಳಿದವರಿಗೆ: ಮಗಳ ವಿಜ್ಞಾನ ಮೇಳಕ್ಕೆ ಹಲಗೆ ಮೇಲೆ ವೀಣೆ ತಂತಿ ಕಟ್ಟಿ, ತುದಿಗೆ 2 ಕೆಜಿ ತೂಗಿಬಿಟ್ಟಿದ್ದೀರಿ. ಅದನ್ನು 4 ಕೆಜಿ ಮಾಡಿದರೂ ಮೇಲಿನ ಸ ಬರಲಿಲ್ಲ ಅಂದಿರಿ. ತಂತಿಯದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ. ಅದು ಬರಬಾರದು!

ಬಿಗಿ ಜಾಸ್ತಿಯಾದಂತೆ ಕಂಪನ ಹೆಚ್ಚುವುದು ನಿಜ. ಆದರೆ ವರ್ಗಮೂಲದ ಲೆಕ್ಕದಲ್ಲಿ. ಬಿಗಿ ಎರಡು ಪಟ್ಟಾದರೆ ಕಂಪನ ಸುಮಾರು 1.41 ಪಟ್ಟು ಮಾತ್ರ. ಸೆಕೆಂಡಿಗೆ 200 ಸಲ ಅದುರುತ್ತಿದ್ದ ತಂತಿ 283ಕ್ಕೆ ಹೋಗಿ ನಿಲ್ಲುತ್ತದೆ. ಮೇಲಿನ ಸಕ್ಕೆ ಕಂಪನ ಎರಡು ಪಟ್ಟು, ಅಂದರೆ 400 ಆಗಬೇಕು. ಕಿವಿಗೊಟ್ಟು ಕೇಳಿ, ಅದು ಪ್ರತಿಮಧ್ಯಮದ (ಪಂಚಮಕ್ಕಿಂತ ತುಸು ಕೆಳಗಿನ ಮ) ಆಸುಪಾಸು ಇರುತ್ತದೆ. ಪಂಚಮಕ್ಕೆ, ಅಂದರೆ ಪ ಸ್ವರಕ್ಕೆ, 4.5 ಕೆಜಿ ಬೇಕು, ಮೇಲಿನ ಸಕ್ಕೆ ಪೂರ್ತಿ 8. ಅಷ್ಟು ಭಾರಕ್ಕೆ ಸಣ್ಣ ತಂತಿ ಕಡಿದು ಮುಖಕ್ಕೆ ಹೊಡೆಯಬಹುದು. ಮಗುವಿಗೆ ಕನ್ನಡಕ ಹಾಕಿಸಿ. ಅಥವಾ 1 ಕೆಜಿಯಿಂದ ಶುರು ಮಾಡಿ, 4ಕ್ಕೇ ಕೆಲಸ ಮುಗಿಯುತ್ತದೆ.

ಉದ್ದದ ವಿಷಯ ಸಲೀಸು. ಅರ್ಧ ಮಾಡಿದರೆ ಕಂಪನ ನೇರವಾಗಿ ಎರಡು ಪಟ್ಟು. 60 ಸೆಂ.ಮೀ. ತಂತಿಯಲ್ಲಿ 40 ಉಳಿಸಿ ಕುದುರೆ (ತಂತಿಯ ಕೆಳಗಿಡುವ ಆಧಾರದ ತುಂಡು) ಇಟ್ಟರೆ ಪ, 30 ಉಳಿಸಿದರೆ ಮೇಲಿನ ಸ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲೇ ಬರೆದಿಟ್ಟ ಲೆಕ್ಕಗಳಿವು.

ಇನ್ನೊಂದು ಮಾತು. ತಂತಿ ಹಲಗೆಯ ಅಂಚಿಗೆ ಉಜ್ಜಿದರೆ ಪೂರ್ತಿ ತೂಕ ಒಳಗೆ ತಲುಪುವುದಿಲ್ಲ, ಸಣ್ಣ ರಾಟೆ ಹಾಕಿ. ತೂಕಕ್ಕೆ ನೀರಿನ ಬಕೆಟ್ ಸುಲಭ: ಲೀಟರಿಗೆ ಒಂದು ಕೆಜಿ, ಬಕೆಟ್ಟಿನ ತೂಕವನ್ನೂ ಸೇರಿಸಿಕೊಳ್ಳಿ. ಸೂರಿನ ಕೆಳಗೆ ಮಾತ್ರ ಇಡಬೇಡಿ. ನಾನು ಸಾಗರದಲ್ಲಿ ಆಷಾಢದಲ್ಲಿ ಹಾಗೆ ಇಟ್ಟು, ಸ್ವರ ತಾನಾಗೇ ಏರುತ್ತಿದೆಯಲ್ಲ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ.