ಅಪ್ಪನಿಗೆ ಮಲದಲ್ಲಿ ರಕ್ತ, ಪೈಲ್ಸ್ ಅಂತಾರೆ. ಕೊಲೊನೋಸ್ಕೋಪಿ ಬೇಕೇ ಬೇಕಾ?

ನಿಮ್ಮ ತಂದೆಗೆ 58 ವರ್ಷ, ಮೂರು ತಿಂಗಳಿಂದ ರಕ್ತ ಹೋಗ್ತಿದೆ, ಈಚೆಗೆ ಸುಸ್ತು, ಡಾಕ್ಟರ ಹತ್ತಿರ ಹೇಳೋಕೆ ನಾಚಿಕೆ ಅಂತ ಬರೆದಿದ್ದೀರಿ. ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡಕರುಳು ನೋಡೋ ಪರೀಕ್ಷೆ, ಬೇಕೇ ಬೇಕು. ಈ ವಾರವೇ ಹೋಗಿ. ನಾನು ಡಾಕ್ಟರ್ ಅಲ್ಲ, ದಾವಣಗೆರೆಯಲ್ಲಿ ನಮ್ಮಪ್ಪನ ಜೊತೆ ಇದನ್ನೆಲ್ಲ ಕಂಡವಳು.

ಅಪ್ಪನಿಗೆ ಆಗ 56. ರಕ್ತ ಕಂಡಾಗ ಎಲ್ಲರೂ ಅಂದದ್ದು ಒಂದೇ, ಉಷ್ಣ ಆಗಿದೆ, ಮಂಡಕ್ಕಿ-ಮೆಣಸಿನಕಾಯಿ ಬಿಡಿ ಅಂತ. ಬಿಟ್ಟರು. ಎಳನೀರು, ಮಜ್ಜಿಗೆ, ಮೂಲವ್ಯಾಧಿಗೆ ನಾಟಿ ಔಷಧಿ, ಆಮೇಲೆ ಒಬ್ಬ ಡಾಕ್ಟರು ಕೊಟ್ಟ ಮುಲಾಮು, ಹೀಗೇ ಎಂಟು ತಿಂಗಳು. ಒಬ್ಬರೂ ಗುದದೊಳಗೆ ಬೆರಳಿಟ್ಟು ನೋಡಲಿಲ್ಲ, ರಕ್ತ ಪರೀಕ್ಷೆಗೂ ಬರೆಯಲಿಲ್ಲ. ಮಹಡಿ ಹತ್ತುವಾಗ ಏದುಸಿರು ಬರೋಕೆ ಶುರುವಾದ ಮೇಲೆ ನೋಡಿಸಿದರೆ ಹಿಮೋಗ್ಲೋಬಿನ್ 7.8, ತೀರಾ ಕಡಿಮೆ. ಪೈಲ್ಸ್ ಇದ್ದದ್ದೂ ನಿಜ, ದೊಡ್ಡಕರುಳಿನಲ್ಲಿ ಗಡ್ಡೆ ಇದ್ದದ್ದೂ ನಿಜ. ಒಂದಿದ್ದರೆ ಇನ್ನೊಂದು ಇರಲ್ಲ ಅಂತೇನಿಲ್ಲ.

ಕೊಲೊನೋಸ್ಕೋಪಿಯಲ್ಲಿ ಕಷ್ಟ ಇರೋದು ಹಿಂದಿನ ರಾತ್ರಿ. ಪುಡಿ ಕಲಸಿದ ನೀರು ಲೀಟರ್‌ಗಟ್ಟಲೆ ಕುಡಿದು, ಭೇದಿ ಆಗಿ ಆಗಿ ಕೊನೆಗೆ ತಿಳಿನೀರೇ ಹೋಗಬೇಕು. ಪರೀಕ್ಷೆ ಹೊತ್ತಿಗೆ ಮಂಪರು ಬರೋ ಇಂಜೆಕ್ಷನ್ ಕೊಡ್ತಾರೆ, ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಗಡ್ಡೆಯ ಚೂರು ತೆಗೆದು ಮಾಡೋ ಬಯಾಪ್ಸಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಸಿ.ಟಿ. ಸ್ಕ್ಯಾನ್ ನೋಡಿ ಲಿವರ್, ಶ್ವಾಸಕೋಶಕ್ಕೆ ಹೋಗಿಲ್ಲ ಅಂದರು. ಆಪರೇಷನ್‌ನಲ್ಲಿ ಆ ಭಾಗ ತೆಗೆದು ಕರುಳಿನ ಎರಡೂ ತುದಿ ಜೋಡಿಸಿದರು. ಪಕ್ಕದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದ್ದರಿಂದ ಮೂರನೇ ಹಂತ, ಆರು ತಿಂಗಳು ಕೀಮೋ. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿಯ ಡ್ರಿಪ್ ಹಾಕಿದ ವಾರ ತಣ್ಣನೆ ಸ್ಟೀಲ್ ಚೊಂಬು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದಂಗೆ ಆಗೋದು. ಅಮ್ಮ ಚೊಂಬಿಗೆ ಹಳೇ ಟವೆಲ್ ಸುತ್ತಿ ಬಿಸಿನೀರು ಕೊಡೋರು.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಒಂದಕ್ಕೆ. ಇದು ರಾತ್ರೋರಾತ್ರಿ ಬರೋ ಕಾಯಿಲೆ ಅಲ್ಲ. ಸಾಮಾನ್ಯವಾಗಿ ಕರುಳಿನ ಒಳಪದರದಲ್ಲಿ ಪಾಲಿಪ್ ಅನ್ನೋ ಸಣ್ಣ ಗಂಟಾಗಿ ಶುರುವಾಗಿ ಕ್ಯಾನ್ಸರ್ ಆಗೋಕೆ ಹತ್ತು ವರ್ಷದಷ್ಟು ಹಿಡಿಯುತ್ತೆ. ಅದಕ್ಕೂ ಮುಂಚೆ ಸಿಕ್ಕರೆ ಕೊಲೊನೋಸ್ಕೋಪಿ ಮಾಡುವಾಗಲೇ ಕತ್ತರಿಸಿ ತೆಗೀತಾರೆ. ಅಪ್ಪನಿಗೆ ಬಂದದ್ದರಿಂದ ಮಕ್ಕಳು 40ಕ್ಕೇ ಮಾಡಿಸಿಕೊಳ್ಳಬೇಕು ಅಂದರು. ನನ್ನಲ್ಲಿ ಒಂದು ಪಾಲಿಪ್ ಸಿಕ್ತು, ಅಲ್ಲೇ ತೆಗೆದರು, ಸಂಜೆಗೆ ಮನೆಯಲ್ಲಿದ್ದೆ.

ನಾಚಿಕೆ ನಮ್ಮಪ್ಪನಿಗೂ ಇತ್ತು. ನನ್ನೆದುರು ಬಾಯಿ ಬಿಡ್ತಿರಲಿಲ್ಲ, ತಮ್ಮನನ್ನು ಜೊತೆಗೆ ಒಳಗೆ ಕಳಿಸಿದೆ. ನಿಮ್ಮನೇಲೂ ಯಾರಾದರೂ ಜೊತೆಗೆ ಹೋಗಿ, ಎಷ್ಟು ದಿನದಿಂದ ರಕ್ತ, ತೂಕ ಎಷ್ಟು ಇಳಿದಿದೆ ಅನ್ನೋದನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೇಳಿ. ಹಿಮೋಗ್ಲೋಬಿನ್ ನಾಳೆ ಬೆಳಗ್ಗೆಯೇ ಮಾಡಿಸಿ.