ಒಂದೇ ವಾರ ಒಂದನೇ ಸ್ಥಾನ, 741 ವಾರ ಪಟ್ಟಿಯಲ್ಲಿ

ಪ್ರಶ್ನೆ: ಪಿಂಕ್ ಫ್ಲಾಯ್ಡ್ ರಾಕ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ ಅಮೆರಿಕದಲ್ಲಿ ಆಲ್ಬಮ್‌ಗಳಿಗೆ ವಾರವಾರವೂ ಸ್ಥಾನ ಕೊಡುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿ ಇದ್ದದ್ದು ಒಂದೇ ವಾರವಂತೆ. ಆದರೂ ಅದನ್ನು ಅಷ್ಟು ದೊಡ್ಡ ಗೆಲುವು ಅಂತಾರಲ್ಲ, ಸುಮ್ನೆ ಹೊಗಳ್ತಾರಾ ಸರ್?
– ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸುಮ್ನೆ ಅಲ್ಲ ತಮ್ಮಾ. ಒಂದು ವಾರದ ಮಾತು ನಿಜ. ಆಲ್ಬಮ್ ಬಂದದ್ದು 1973ರ ಮಾರ್ಚ್‌ನಲ್ಲಿ. ಏಪ್ರಿಲ್ ಕೊನೆಗೆ ಮೇಲಕ್ಕೇರಿತು, ಮುಂದಿನ ವಾರವೇ ಇಳಿಯಿತು. ಅವರದೇ ನಾಡಾದ ಇಂಗ್ಲೆಂಡಿನಲ್ಲಂತೂ ಎರಡನೇ ಸ್ಥಾನ ದಾಟಲಿಲ್ಲ. ಆದರೆ ಇಳಿದ ಮೇಲೆ ಏನಾಯ್ತು ನೋಡು. 200 ಆಲ್ಬಮ್‌ಗಳ ಆ ಪಟ್ಟಿಯಲ್ಲಿ 1988ರ ತನಕ ಒಟ್ಟು 741 ವಾರ ಇತ್ತು. ಲೆಕ್ಕ ಹಾಕು, ಹದಿನಾಲ್ಕು ವರ್ಷದ ಮೇಲಾಯಿತು.

ಒಂದನೇ ಸ್ಥಾನ ಹೇಳುವುದು ಆ ವಾರದ ನೂಕುನುಗ್ಗಲನ್ನು ಮಾತ್ರ. 741 ವಾರ ಬೇಕಾದರೆ ವಾರವಾರವೂ ಹೊಸ ಕಿವಿ ಸಿಗಬೇಕು. ಇದು ನಾನು ಗಲ್ಲೆ ಮೇಲೆ ಕೂತು ಕಂಡದ್ದು.

ಎಂಬತ್ತರ ದಶಕದಲ್ಲಿ ದುರ್ಗದ ಬೈಲಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಗಿರಾಕಿಗಳು ಖಾಲಿ ಕ್ಯಾಸೆಟ್ಟು, ಹಾಡಿನ ಚೀಟಿ ಕೊಟ್ಟು ಹೋಗುತ್ತಿದ್ದರು. ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದೆ. ಭೀಮಸೇನ ಜೋಶಿಯವರ ದಾಸರ ಪದ, ರಾಜ್‌ಕುಮಾರ್ ಹಾಡುಗಳೇ ಜಾಸ್ತಿ. ಆದರೆ ಪ್ರತಿ ಜುಲೈನಲ್ಲಿ ಕಾಲೇಜು ಶುರುವಾಗುತ್ತಲೇ ಹಾಸ್ಟೆಲ್ ಹುಡುಗರು ಬಂದು ಈ ಆಲ್ಬಮ್ ಕೇಳುತ್ತಿದ್ದರು. ಒಂದು ವರ್ಷವೂ ತಪ್ಪಲಿಲ್ಲ. 43 ನಿಮಿಷದ ಆಲ್ಬಮ್, 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಸರಿಯಾಗಿ ಹಿಡಿಯುತ್ತಿತ್ತು. ಎಲ್‌ಪಿ ರೆಕಾರ್ಡಿನಲ್ಲಾದರೆ 'ಮನಿ' ಹಾಡಿಗೆ ಮೊದಲು ಎದ್ದು ತಟ್ಟೆ ತಿರುವಬೇಕು. ಕ್ಯಾಸೆಟ್ಟಿನಲ್ಲಿ ಆ ತೊಂದರೆ ಇಲ್ಲ, ಒಂದೇ ಓಟಕ್ಕೆ ಕೇಳಬಹುದು.

ಆ 'ಮನಿ' ಹಾಡೇ ಅಮೆರಿಕದ ಬಿಡಿ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನ ಮುಟ್ಟಿದ್ದು. ಒಂದು ಮಧ್ಯಾಹ್ನ ಅದನ್ನು ತುಂಬಿಸುತ್ತಿದ್ದೆ. ಶುರುವಿಗೆ ಚಿಲ್ಲರೆ ಕಾಸು ಉದುರುವ ಸದ್ದು, ಕಾಗದ ಹರಿಯುವ ಸದ್ದು, ಗಲ್ಲೆ ಪೆಟ್ಟಿಗೆಯ ಗಂಟೆ. ಧಾರವಾಡದ ತಬಲಾ ಮಾಸ್ತರರೊಬ್ಬರು ಮಲ್ಲಿಕಾರ್ಜುನ ಮನ್ಸೂರರ ಕ್ಯಾಸೆಟ್ಟು ಒಯ್ಯಲು ಬಂದವರು ಅಲ್ಲೇ ನಿಂತರು. ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆರೆ ಮೇಲೆ ಓಡತೊಡಗಿತು. "ಏಳು ಮಾತ್ರಾ ಅದಾವಲ್ರೀ, ನಮ್ಮ ರೂಪಕ ತಾಳದ್ಹಂಗ" ಎಂದರು. ಸ್ಯಾಕ್ಸೋಫೋನ್ ಮುಗಿದು ಗಿಟಾರ್ ಎದ್ದಿತು. ಬೆರಳು ಒಂದು ಕ್ಷಣ ನಿಂತಿತು. "ಈಗ ನಾಲ್ಕಕ್ಕ ಬಂದ್ರು ನೋಡ್ರಿ." ಸರಿಯಾಗಿಯೇ ಹಿಡಿದಿದ್ದರು! ಹಾಡು ಮುಗಿದ ಮೇಲೆ ತಮಗೂ ಒಂದು ತುಂಬಿಸಿಡಲು ಹೇಳಿ ಹೋದರು. ಆಲ್ಬಮ್ ಬಂದು ಆಗಲೇ ಹತ್ತು ವರ್ಷ ದಾಟಿತ್ತು, ಅವರ ಕಿವಿಗೆ ಬಿದ್ದದ್ದು ಅವತ್ತೇ.

ನಮ್ಮ ಅಂಗಡಿಯ ಕ್ಯಾಸೆಟ್ಟು ಬಿಲ್‌ಬೋರ್ಡ್ ಲೆಕ್ಕಕ್ಕೆ ಸೇರಿದ್ದಲ್ಲ, ಅದು ಆಗ ಅಮೆರಿಕದ ಮಾರಾಟದ ಲೆಕ್ಕ. ಅಲ್ಲಿಯೂ ಹೀಗೆ ತಡವಾಗಿ ಕೇಳಿ ಕೊಂಡವರೇ ಅದನ್ನು ಪಟ್ಟಿಯಲ್ಲಿ ಉಳಿಸಿದ್ದು ಅಂತ ನಾನು ನಂಬುತ್ತೇನೆ. ನಡುವೆ ಕೆಲವು ವರ್ಷ ಹಳೆಯ ಆಲ್ಬಮ್‌ಗಳನ್ನು ಆ ಪಟ್ಟಿಗೆ ಸೇರಿಸುತ್ತಿರಲಿಲ್ಲ. 2009ರಲ್ಲಿ ನಿಯಮ ಬದಲಾಯಿತು, ಇದು ಮತ್ತೆ ಬಂತು. ಈಗ 900 ವಾರ ದಾಟಿದೆ.

ಇವತ್ತು ರಾತ್ರಿ 'ಮನಿ' ಹಾಕಿಕೊಂಡು ಏಳು ಎಣಿಸಿ ನೋಡು. ಗಿಟಾರ್ ಬರುವ ತನಕ ಲೆಕ್ಕ ತಪ್ಪಬಾರದು.